ಕಲ್ಲುನಾಡಿನ ದೊರೆತನ: ಸುರಪುರದ ಬೇಡ ಸಂಸ್ಥಾನ

ಕಲಬುರಗಿ ನಗರದಿಂದ ಈಶಾನ್ಯಾಭಿಮುಖವಾಗಿ ಹುಮನಾಬಾದಿನ ದಾರಿ ಹಿಡಿದು, ಮಹಾಗಾಂವವನ್ನು ಹಿಂದಿಕ್ಕಿ, ಕಮಲಾಪುರದ ಏರುನೆಲವನ್ನು ಸೇರುವ ಪಥಿಕನು ಅಲ್ಲಿಯ ಕೆಮ್ಮಣ್ಣನ್ನೂ, ಆ ಮಣ್ಣಿನ ಬಣ್ಣವನ್ನೇ ಸಿಪ್ಪೆಗೆ ತಂದುಕೊಂಡಿರುವ ಕೆಂಬಾಳೆಯ ಗೊನೆಗಳನ್ನೂ, ಗುಡ್ಡದ ಇಳಿಜಾರುಗಳಲ್ಲಿ ನೆಲೆಗೊಂಡ ಲಂಬಾಣಿ ತಾಂಡಾಗಳನ್ನೂ ಕಂಡು, ಈ ಸೀಮೆಯ ಗುಡ್ಡಗಾಡೆಂದರೆ ಇದೇ ಎಂದು ಭಾವಿಸಿದರೆ ಅದು ಸಹಜವೇ. ಆದರೆ ಅದೇ ಪಥಿಕನು ಹಿಂದಿರುಗಿ, ನಗರವನ್ನು ಹಾಯ್ದು, ದಕ್ಷಿಣಕ್ಕೆ ಜೇವರ್ಗಿಯ ದಾರಿಯಲ್ಲಿ ಸಾಗಿದನೆಂದರೆ ನೆಲವು ಹೆಜ್ಜೆಹೆಜ್ಜೆಗೂ ತನ್ನ ಸ್ವರೂಪವನ್ನು ಬದಲಿಸತೊಡಗುತ್ತದೆ. ಮೊದಲು ತೊಗರಿ, ಬಿಳಿಜೋಳಗಳನ್ನು ಹೊತ್ತ ಎರೆಭೂಮಿ. ಬಳಿಕ ಭೀಮಾನದಿಯ ಆಸುಪಾಸಿನಲ್ಲಿ, ಮನೆಯ ನೆಲಕ್ಕೂ ಮಾಳಿಗೆಗೂ ಹಾಸಲು ಜನ ಎಬ್ಬಿಸಿ ತರುವ ಫರಸಿ ಕಲ್ಲಿನ ಪದರಗಳು. ಅದನ್ನೂ ದಾಟಿ ಶಹಾಪುರವನ್ನು ಸಮೀಪಿಸಿದೊಡನೆ, ನೋಡುವವರ ಕಣ್ಣಿಗೆ ಮಲಗಿದ ಬುದ್ಧನಂತೆ ತೋರುವ ಬೆಟ್ಟದ ಸಾಲು ಎದ್ದುಬಂದು, ಅಲ್ಲಿಂದ ಕೃಷ್ಣೆಯ ದಂಡೆಯವರೆಗೆ ಗ್ರಾನೈಟ್ ಶಿಲೆಯ ಗುಡ್ಡಗಳೇ ಗುಡ್ಡಗಳು. ಒಂದರ ಮೇಲೊಂದು ಏರಿ ಕುಳಿತ ಗುಂಡುಗಳು, ಅವುಗಳ ಸಂದಿನಲ್ಲಿ ಮನುಷ್ಯನೊಬ್ಬನು ಮಾತ್ರ ನುಸುಳಬಹುದಾದ ಓಣಿಗಳು, ಗುಡ್ಡದ ಮಡಿಲಿನಲ್ಲಿ ಮಳೆನೀರು ನಿಂತ ದೊಣೆಗಳು ಮತ್ತು ಕೆರೆಗಳು.

ಕೃಷ್ಣಾ ಭೀಮಾ ನದಿಗಳ ನಡುವಣ ಈ ಕಲ್ಲುನಾಡಿನಲ್ಲಿ ಹದಿನೇಳನೆಯ ಶತಮಾನದ ಉತ್ತರಾರ್ಧದಿಂದ 1858ರ ತನಕ ಬೇಡರ ದೊರೆತನವೊಂದು ಬಾಳಿತು. ಮೊದಲು ಸಗರದಲ್ಲಿ, ಬಳಿಕ ವಾಗಿನಗೇರಿಯಲ್ಲಿ, ಕಟ್ಟಕಡೆಗೆ ಸುರಪುರದಲ್ಲಿ ಅದರ ಗದ್ದುಗೆಯಿದ್ದಿತು. 2009ರ ಡಿಸೆಂಬರಿನಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಗುವವರೆಗೂ ಸುರಪುರವು ಕಲಬುರಗಿ ಜಿಲ್ಲೆಗೇ ಸೇರಿದ್ದಿತಾದುದರಿಂದ, ನಮ್ಮ ನಗರದ ಕಚೇರಿಗಳಿಗೂ ಆಸ್ಪತ್ರೆಗಳಿಗೂ ಕಾಲೇಜುಗಳಿಗೂ ಬರುತ್ತಿದ್ದ ಅಲ್ಲಿಯ ಜನ ನಮಗೆ ಪರಕೀಯರಲ್ಲ. ಆದರೂ ಅವರ ಇತಿಹಾಸವನ್ನು ನಾವು ಓದುವುದು ಬಹುಮಟ್ಟಿಗೆ ಅನ್ಯರ ಕಥೆಗಳ ಒಂದು ಅಧ್ಯಾಯವಾಗಿ: ಒಮ್ಮೆ ಔರಂಗಜೇಬನ ಕೊನೆಯ ಮುತ್ತಿಗೆಯ ಪ್ರಸಂಗವೆಂದು, ಇನ್ನೊಮ್ಮೆ ಮೆಡೋಸ್ ಟೇಲರನೆಂಬ ಆಂಗ್ಲ ಅಧಿಕಾರಿಯ ಆತ್ಮಕಥೆಯ ಭಾಗವೆಂದು. ಬೇಡರ ಸಂಸ್ಥಾನವು ಯಾವ ಬಲದ ಮೇಲೆ ನಿಂತಿತ್ತು, ಆ ಬಲವು ಯಾವ ಬಗೆಯಿಂದ ಸವೆಯಿತು ಎಂಬ ಪ್ರಶ್ನೆಯನ್ನು ಆ ನೆಲದ ಕಡೆಯಿಂದಲೇ ಕೇಳಿದವರು ಕಡಿಮೆ. ಮೊಗಲರ ತೋಪುಗಳಿಗೆ ಬಗ್ಗದ ಈ ಪುಟ್ಟ ರಾಜ್ಯವು ಪೇಶ್ಕಷ್, ನಜರಾಣಿ, ಬಾಕಿ ಎಂಬ ಲೆಕ್ಕದ ಪುಸ್ತಕಗಳ ಮುಂದೆ ಬಗ್ಗಬೇಕಾಯಿತೆಂಬುದು ನನ್ನ ಎಣಿಕೆ. ಆ ಎಣಿಕೆಗೆ ಆಧಾರವಾದ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ಹೇಳಲೆತ್ನಿಸುತ್ತೇನೆ.

ಬೇಡರೆಂದರೆ ಬೇಟೆಯನ್ನೇ ಕುಲವೃತ್ತಿಯಾಗುಳ್ಳವರು. ಕಾಡು ಕಡಿಮೆಯಾಗಿ ಊರು ಹೆಚ್ಚಿದಂತೆ ಆ ವೃತ್ತಿಯ ಕೌಶಲವೇ ಅವರನ್ನು ಕಾವಲಿಗೂ ಕಾಳಗಕ್ಕೂ ಕರೆತಂದಿತು. ಹೆಜ್ಜೆಯ ಗುರುತು ಹಿಡಿಯುವವನು ಊರಿನ ತಳವಾರನಾದನು. ಕಾಡುಹಂದಿಗೆ ಗುರಿಯಿಡುವವನು ಬಂದೂಕು ಬಂದಮೇಲೆ ಆದಿಲಶಾಹಿಯ ಪದಾತಿಯಾದನು. ಬಿಜಾಪುರದ ಸೈನ್ಯದಲ್ಲಿ ಬೇಡರ ಕಾಲಾಳುಗಳಿಗೆ ಇದ್ದ ಹೆಸರು ಸಾಮಾನ್ಯವಾದುದಲ್ಲ. ಕೋವಿಯ ಗುರಿ ಮತ್ತು ರಾತ್ರಿಯ ದಾಳಿ, ಈ ಎರಡರಲ್ಲಿ ಅವರನ್ನು ಮೀರಿಸುವವರು ದಖ್ಖನದಲ್ಲಿ ವಿರಳವಾಗಿದ್ದರೆಂಬುದನ್ನು ಅವರ ಶತ್ರುಗಳ ಬಖೈರುಗಳೇ ಒಪ್ಪಿಕೊಂಡಿವೆ. ಬೇಡನಾಯಕರ ಸ್ವಂತ ಪಡೆಗೆ ತಿಂಗಳ ಸಂಬಳವೆಂಬುದು ಇರಲಿಲ್ಲ. ನಾಯಕನಿಂದ ಮಾನ್ಯವಾಗಿ ಪಡೆದ ತುಂಡು ಹೊಲವೇ ಬೇಡನ ಸಂಬಳ. ಆ ಹೊಲವನ್ನು ಅವನೂ ಅವನ ಮನೆಯವರೂ ಉತ್ತು ಜೋಳ, ಸಜ್ಜೆ ಬೆಳೆದುಕೊಳ್ಳುವರು. ನಾಯಕನ ಕರೆ ಬಂದ ದಿನ ಮನೆಗೊಬ್ಬನಂತೆ ಆಯುಧ ಹಿಡಿದು ಗುಡ್ಡಕ್ಕೆ ಬರುವರು. ಸುರಪುರದ ಪಡೆಯನ್ನು ಕುರಿತು ಹೇಳುವಾಗ ‘ಹನ್ನೆರಡು ಸಾವಿರ’ ಎಂಬ ಮಾತು ರೂಢಿಯಲ್ಲಿದ್ದುದು ಈ ಮಾನ್ಯದ ಒಕ್ಕಲನ್ನು ಕುರಿತೇ. ಸೈನ್ಯವೂ ಅದೇ, ಒಕ್ಕಲುತನವೂ ಅದೇ, ಪ್ರಜೆಯೂ ಅದೇ ಆಗಿದ್ದ ಈ ಏರ್ಪಾಡಿನಲ್ಲಿ ಬೊಕ್ಕಸ ಬರಿದಾದರೂ ಪಡೆ ಕರಗುತ್ತಿರಲಿಲ್ಲವೆಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಇದರ ಸುತ್ತಲೇ ತಿರುಗುತ್ತದೆ.

1686ರಲ್ಲಿ ಬಿಜಾಪುರವೂ ಮರುವರ್ಷ ಗೋಲ್ಕೊಂಡವೂ ಮೊಗಲರ ವಶವಾದ ಮೇಲೆ, ಅವೆರಡರ ಮಧ್ಯದಲ್ಲಿ ಸಿಕ್ಕಿಬಿದ್ದ ಸಗರದ ಪಾಮನಾಯಕನು 1687ರ ಕೊನೆಯಲ್ಲಿ ತನ್ನ ಕೋಟೆಯನ್ನೊಪ್ಪಿಸಿ ಬಾದಶಹನ ದರ್ಬಾರಿಗೆ ಹೋದನು. ಹೋದ ಕೆಲವೇ ದಿನಗಳಲ್ಲಿ ತೀರಿಕೊಂಡನು. ಅವನ ಉತ್ತರಾಧಿಕಾರಿಯಾದ ಪಿಡ್ಡನಾಯಕನು ಕೆಲಕಾಲ ಮೊಗಲರ ಸೇವೆಯಲ್ಲಿದ್ದಂತೆ ತೋರಿಸಿಕೊಂಡು, ಅಪ್ಪಣೆ ಪಡೆದು ಊರಿಗೆ ಬಂದವನು ಮರಳಿ ಹೋಗಲೇ ಇಲ್ಲ. ವಾಗಿನಗೇರಿಯ ಗುಡ್ಡಕ್ಕೆ ಕೋಟೆ ಕಟ್ಟಿದನು, ಕೆಳಗಿನ ಬಯಲಿನಲ್ಲಿ ಪೇಟೆ ಬೆಳೆಸಿದನು, ಮದ್ದುಗುಂಡು ಕೂಡಿಟ್ಟನು, ಮರಾಠರೊಡನೆ ಸ್ನೇಹ ಬೆಳೆಸಿದನು. ಆತನನ್ನು ಅಡಗಿಸಲು ಬಂದ ಸರದಾರರು ಸೋತೋ, ಒಂದಿಷ್ಟು ಹಣ ಪಡೆದೋ ಹಿಂದಿರುಗಿದರು. ಕಡೆಗೆ 1705ರ ಫೆಬ್ರುವರಿ 8ರಂದು ಎಂಬತ್ತಾರು ವಯಸ್ಸಿನ ಔರಂಗಜೇಬನು ತಾನೇ ಸೈನ್ಯದೊಡನೆ ವಾಗಿನಗೇರಿಯ ಮುಂದೆ ಬಂದು ಬೀಡುಬಿಟ್ಟನು. ಕಾಬೂಲಿನಿಂದ ಕಾವೇರಿಯ ಸಮೀಪದವರೆಗೆ ಹಬ್ಬಿದ ಚಕ್ರಾಧಿಪತ್ಯದ ಒಡೆಯನು ತನ್ನ ಆಯುಷ್ಯದ ಕಡೆಯ ದಂಡಯಾತ್ರೆಯನ್ನು ಒಬ್ಬ ಬೇಡನಾಯಕನ ಮೇಲೆ ನಡೆಸಬೇಕಾದುದು ಎಷ್ಟು ದೊಡ್ಡ ಸಂಗತಿಯೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಇನ್ನೂ ಮನಗಂಡಂತಿಲ್ಲ.

ಮುತ್ತಿಗೆಯ ವೃತ್ತಾಂತವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ. ಈ ನೆಲದ ಗುಣವು ಅಲ್ಲಿ ವ್ಯಕ್ತವಾಗುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಆಗಿಲ್ಲ. ವಾಗಿನಗೇರಿಯ ಕೋಟೆ ಅತ್ಯುನ್ನತವಾದುದಲ್ಲ, ದೌಲತಾಬಾದಿನಂತೆ ಅಭೇದ್ಯವಾದುದೂ ಅಲ್ಲ. ಆದರೆ ಅದರ ಸುತ್ತಣ ಒಂದೊಂದು ದಿಬ್ಬವೂ ಒಂದೊಂದು ಕಾವಲುಗೋಪುರವಾಗಿತ್ತು. ಬಂಡೆಗಳ ಮರೆಯಿಂದ ಹಾರುವ ಬೇಡರ ಗುಂಡು, ಸುರಂಗ ತೋಡಲು ಬಂದವರನ್ನು ಹತ್ತಿರ ಸುಳಿಯಗೊಡಲಿಲ್ಲ. ಕೋಟೆಯ ಎದುರಿನ ಕೆಂಪು ದಿಬ್ಬವೊಂದನ್ನು, ಮೊಗಲರು ಲಾಲ್ ಟೀಕ್ರಿಯೆಂದು ಕರೆದುದನ್ನು, ಒಂದು ದಿನ ಅವರ ಸರದಾರರು ಅಕಸ್ಮಾತ್ತಾಗಿ ಏರಿ ಹಿಡಿದರು. ಹಿಡಿದವರಿಗೆ ಬೆಂಬಲ ಮುಟ್ಟುವುದರೊಳಗಾಗಿ ಬೇಡರು ಸುತ್ತುವರಿದು, ಗುಂಡಿನ ಜೊತೆಗೆ ಕಲ್ಲುಗಳನ್ನೂ ಸುರಿಸಿ, ಅವರನ್ನು ಕೆಳಗಿಳಿಸಿದರು. ಕೋಟೆಯಲ್ಲಿ ಮರಾಠಾ ಸರದಾರರ ಕುಟುಂಬಗಳೂ ಆಶ್ರಯ ಪಡೆದಿದ್ದುದರಿಂದ ಧನಾಜಿ ಜಾಧವ ಮೊದಲಾದವರು ಸಾವಿರಾರು ಕುದುರೆಗಳೊಡನೆ ಧಾವಿಸಿ ಬಂದು, ಒಂದು ಕಡೆ ಮೊಗಲರನ್ನು ಕಾಳಗದಲ್ಲಿ ತೊಡಗಿಸಿ, ಇನ್ನೊಂದು ಕಡೆಯ ಬಾಗಿಲಿನಿಂದ ತಮ್ಮ ಹೆಂಗಸರು ಮಕ್ಕಳನ್ನು ಕುದುರೆಗಳ ಮೇಲೆ ಹೊರಡಿಸಿಕೊಂಡು ಹೋದರು. ಇದು ಆದ ಮೇಲೂ ಪಿಡ್ಡನಾಯಕನು ಅವರಿಗೆ ದಿನಗೂಲಿಯ ಲೆಕ್ಕದಲ್ಲಿ ಹಣಕೊಟ್ಟು ಸಮೀಪದಲ್ಲಿಯೇ ನಿಲ್ಲಿಸಿಕೊಂಡನು.

ಈ ನಡುವೆ ನಡೆದ ಸಂಧಾನದ ಪ್ರಸಂಗವು ಬೇಡನಾಯಕನ ಬುದ್ಧಿವಂತಿಕೆಗೆ ಸಾಕ್ಷಿ. ಕಾಶ್ಮೀರದ ವ್ಯಾಪಾರಿಯೊಬ್ಬನು ಕೋಟೆಯೊಳಗಿಂದ ಶರಣಾಗತಿಯ ಕಾಗದವನ್ನು ತಂದು ಬಾದಶಹನ ಬೀಡಿಗೆ ಮುಟ್ಟಿಸಿದನು; ನಾಯಕನ ತಮ್ಮನು ಒತ್ತೆಯಾಳಾಗಿ ಬಂದು ತಲೆಬಾಗಿದನು; ಮೊಗಲರ ಕಿಲ್ಲೇದಾರನೊಬ್ಬನು ಕೆಲವೇ ಜನರೊಡನೆ ಕೋಟೆಯೊಳಕ್ಕೆ ಹೋದನು; ಬೀಡಿನಲ್ಲಿ ವಿಜಯದ ನೌಬತ್ತು ಬಾರಿಸಿತು. ಆಗ, ನಾಯಕನಿಗೆ ಹುಚ್ಚು ಹಿಡಿದು ಮರಾಠರೊಡನೆ ಓಡಿಹೋದನೆಂಬ ಸುದ್ದಿ ಹೊರಟಿತು. ಕೆಲದಿನಗಳು ಕಳೆದ ಮೇಲೆ ತಿಳಿದುಬಂದುದೇನೆಂದರೆ, ನಾಯಕನು ಎಲ್ಲಿಗೂ ಹೋಗಿರಲಿಲ್ಲ. ಮದ್ದುಗುಂಡು, ಕಾಳುಕಡ್ಡಿಗಳನ್ನು ಸಜ್ಜುಗೊಳಿಸಿಕೊಳ್ಳಲು ಬೇಕಾದ ಬಿಡುವನ್ನು ಹೀಗೆ ಸಂಪಾದಿಸಿಕೊಂಡು, ಮತ್ತೆ ಕೋಟೆಯ ಮೇಲೆ ನಿಂತಿದ್ದನು. ಕುಪಿತನಾದ ಔರಂಗಜೇಬನು ಜುಲ್ಫಿಕಾರ್ ಖಾನನನ್ನು ಕರೆಸಿದನು. ಖಾನನು ಮೊದಲು ನೀರನ್ನು ಗುರಿಯಾಗಿಸಿ ಬಯಲಿನ ಬಾವಿಗಳನ್ನು ಹಿಡಿದನು; ಬೇಸಿಗೆಯ ಆ ದಿನಗಳಲ್ಲಿ ಅದು ಅರ್ಧ ಗೆಲುವು. ಏಪ್ರಿಲ್ 27ರಂದು ಪೇಟೆಯೂ ಬಿತ್ತು. ಅದೇ ರಾತ್ರಿ ಪಿಡ್ಡನಾಯಕನು ಮನೆಗಳಿಗೆ ಬೆಂಕಿಯಿಕ್ಕಿಸಿ, ತನ್ನವರೊಡನೆ ಹಿಂಬದಿಯ ದಾರಿಯಿಂದ ಇಳಿದು ಮರೆಯಾದನು. ಮರುದಿನ ಮೊಗಲರ ಕೈಗೆ ಸಿಕ್ಕಿದುದು ಉರಿಯುತ್ತಿದ್ದ ಬರಿಯ ಕೋಟೆ.

ಆ ಕೋಟೆಗೆ ಮೊಗಲರು ಬೇರೊಂದು ಹೆಸರನ್ನಿಟ್ಟರು. ಬಾದಶಹನು ಅಲ್ಲಿಂದ ಕೆಲವು ಮೈಲು ದೂರದ ದೇವಾಪುರಕ್ಕೆ ಬಂದು ಇಳಿದುಕೊಂಡನು (ಜೈಮಿನಿ ಭಾರತದ ಲಕ್ಷ್ಮೀಶನು ಈ ದೇವಾಪುರದವನೆಂದು ನಮ್ಮ ಸೀಮೆಯವರೂ, ಕಡೂರಿನ ಕಡೆಯ ದೇವನೂರಿನವನೆಂದು ಆ ಸೀಮೆಯವರೂ ಅಭಿಮಾನಪಡುವುದುಂಟು). ಅಲ್ಲಿಯೇ ಅವನು ಕಾಯಿಲೆ ಬಿದ್ದು, ಬದುಕುವನೋ ಇಲ್ಲವೋ ಎಂಬಂತಾಗಿ, ಅಕ್ಟೋಬರಿನಲ್ಲಿ ಪಲ್ಲಕ್ಕಿಯಲ್ಲಿ ಉತ್ತರಕ್ಕೆ ಹೊರಟವನು 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡನು. ಪಿಡ್ಡನಾಯಕನಾದರೋ ಅಷ್ಟರಲ್ಲಿ ತನ್ನ ನೆಲಕ್ಕೆ ಮರಳಿದ್ದನು. ಕೋಟೆಯನ್ನು ಕಳೆದುಕೊಂಡವನು ರಾಜ್ಯವನ್ನು ಕಳೆದುಕೊಳ್ಳಲಿಲ್ಲವೇಕೆಂದರೆ, ಅವನ ರಾಜ್ಯವು ಹಳ್ಳಿಹಳ್ಳಿಯ ಮಾನ್ಯದ ಹೊಲಗಳಲ್ಲಿ ಚೆಲ್ಲಿಕೊಂಡಿತ್ತು. ಅದನ್ನು ಮುತ್ತಿಗೆ ಹಾಕುವ ವಿದ್ಯೆ ಮೊಗಲರಿಗೆ ತಿಳಿದಿರಲಿಲ್ಲ.

ವಾಗಿನಗೇರಿಯ ಅನುಭವದಿಂದ ಪಾಠ ಕಲಿತಂತೆ ಬೇಡನಾಯಕರು ಹೊಸ ರಾಜಧಾನಿಯನ್ನು ಸಮೀಪದ ಬೆಟ್ಟಗಳ ಮಡಿಲಲ್ಲಿ, ನಾಲ್ಕು ಕಡೆಯೂ ಗುಡ್ಡಗಳೇ ಗೋಡೆಯಾಗಿರುವ ತಾಣದಲ್ಲಿ ಕಟ್ಟಿಕೊಂಡರು. ಅದೇ ಸುರಪುರ. ಹದಿನೆಂಟನೆಯ ಶತಮಾನದ ಸುರಪುರವನ್ನು ಕೇವಲ ದಾಳಿಕೋರರ ಬೀಡೆಂದು ಬಗೆದವರು ಅಲ್ಲಿಯ ವೇಣುಗೋಪಾಲಸ್ವಾಮಿಯ ಗುಡಿಯನ್ನೂ, ಅಲ್ಲಿ ಬಾಳಿದ ವಿದ್ಯೆಯನ್ನೂ ನೋಡಿದವರಲ್ಲ. ‘ಬಲವಂತ ಬಹರಿ ಬಹಾದ್ದೂರ್’ ಎಂಬ ಬಿರುದನ್ನು ಧರಿಸಿದ ಬೇಡ ದೊರೆಗಳು ಬುಕ್ಕಪಟ್ಟಣದ ಶ್ರೀವೈಷ್ಣವ ಆಚಾರ್ಯ ಮನೆತನವನ್ನು ಗುರುಪೀಠವಾಗಿ ಗೌರವಿಸಿ ಸಂಸ್ಕೃತ ಪಾಂಡಿತ್ಯಕ್ಕೆ ಆಶ್ರಯವಿತ್ತರು. ಗರುಡಾದ್ರಿ ಮನೆತನದ ಚಿತ್ರಕಾರರು ಚಿನ್ನದ ರೇಕುಗಳನ್ನು ಹಚ್ಚಿ ಬರೆದ ಸೂಕ್ಷ್ಮಚಿತ್ರಗಳು ಇಂದಿಗೂ ಸುರಪುರ ಶೈಲಿಯೆಂಬ ಹೆಸರಿನಿಂದ ಕಲಾರಸಿಕರಿಗೆ ಪರಿಚಿತ. ಕೃಷ್ಣಾತೀರದ ತಿಂಥಣಿಯಲ್ಲಿ ಮೌನೇಶ್ವರನ ಸನ್ನಿಧಿಗೆ ಹಿಂದೂಗಳೂ ಮುಸಲ್ಮಾನರೂ ಸಮಾನವಾಗಿ ನಡೆದುಕೊಳ್ಳುವರು. ಕೊಡೇಕಲ್ಲಿನ ಬಸವಣ್ಣನ ಪರಂಪರೆಯಲ್ಲಿಯೂ ಎರಡು ಧರ್ಮಗಳ ಚಿಹ್ನೆಗಳು ಒಂದೇ ಗದ್ದುಗೆಯ ಮೇಲೆ ಕೂಡಿವೆ. ಕಲಬುರಗಿಯಲ್ಲಿ ಶರಣಬಸವೇಶ್ವರರ ಗುಡಿಯನ್ನೂ ಬಂದೇ ನವಾಜರ ದರ್ಗಾವನ್ನೂ ಒಂದೇ ದಿನ ಕಂಡುಬರುವ ನಮಗೆ ಇದು ಹೊಸದೆನಿಸದಿರಬಹುದು; ಆದರೆ ಇದನ್ನು ಪೋಷಿಸಿದವರಲ್ಲಿ ಆ ಬೇಡ ದೊರೆಗಳ ಪಾಲೂ ಉಂಟೆಂಬುದನ್ನು ಮರೆಯಬಾರದು.

ಇನ್ನು ಈ ನಾಡಿನ ಜೀವನಾಧಾರ. ಗುಡ್ಡದ ನೆತ್ತಿಯಲ್ಲಿ ಬೆಳೆಯೆಂಬುದಿಲ್ಲ, ಅಲ್ಲಿ ಕುರಿ ಮೇಕೆಗಳ ಮೇವು ಮಾತ್ರ. ಗುಡ್ಡದ ಬುಡದ ಮಸಾರಿಯಲ್ಲಿ ಸಜ್ಜೆ. ಕೃಷ್ಣಾ ಭೀಮೆಯರ ಕಡೆಗೆ ಇಳಿದ ಎರೆಯಲ್ಲಿ ಜೋಳ, ಹತ್ತಿ. ಕೆರೆಯ ಕೆಳಗಿನ ತೇವದ ನೆಲದಲ್ಲಿ ಭತ್ತ. ಗುಡ್ಡದಿಂದ ಗುಡ್ಡಕ್ಕೆ ಒಡ್ಡು ಹಾಕಿ ನಿಲ್ಲಿಸಿದ ಬೋನಾಳದ ವಿಸ್ತಾರವಾದ ಕೆರೆಯು ಈ ಕೆರೆಗಳಲ್ಲಿ ಅಗ್ರಗಣ್ಯವಾದುದು. ಕಾವಲಿಗೆಂದು ಊರುಗಳು ಕೊಡುವ ಪಾಲು, ಘಟ್ಟದ ದಾರಿಯಲ್ಲಿ ಹಾಯ್ದುಹೋಗುವ ಎತ್ತಿನ ಹೇರುಗಳ ಮೇಲಿನ ಸುಂಕ, ಇವು ಹೊಲದ ಹುಟ್ಟುವಳಿಗೆ ಸೇರುವ ಆದಾಯ. ದಾರಿಹೋಕರ ದೃಷ್ಟಿಯಲ್ಲಿ ಈ ಸುಂಕವು ಎಷ್ಟೋ ಸಲ ಸುಲಿಗೆಯಾಗಿಯೇ ಕಂಡಿದ್ದಿತೆಂಬುದನ್ನು ಅಲ್ಲಗಳೆಯಲಾರೆ. ಬೇಡರ ಶೌರ್ಯವನ್ನು ಹೊಗಳುವ ಉತ್ಸಾಹದಲ್ಲಿ ಬಯಲಿನ ಒಕ್ಕಲಿಗನ ಭಯವನ್ನು ಮುಚ್ಚಿಡುವುದು ಇತಿಹಾಸವಾಗದು. ಒಟ್ಟಿನಲ್ಲಿ ಇದು ಹಣಕ್ಕಿಂತ ಹೊಲವೂ ಕಾಳೂ ಹೆಚ್ಚಾಗಿ ಚಲಿಸುತ್ತಿದ್ದ ಆರ್ಥಿಕತೆ. ಅಂಥದರಿಂದ ವರ್ಷವರ್ಷವೂ ರೊಕ್ಕವನ್ನೇ ಕೇಳುವವನೊಬ್ಬ ಮೇಲೆ ಬಂದು ಕುಳಿತರೆ ಏನಾದೀತೆಂಬುದು ಮುಂದಿನ ಶತಮಾನದಲ್ಲಿ ಕಂಡುಬಂದಿತು.

ಹೈದರಾಬಾದಿನ ನಿಜಾಮನು ಸುರಪುರದ ದೊರೆಯನ್ನು ತನ್ನ ಅಧೀನ ಜಮೀನುದಾರನೆಂದೆಣಿಸಿ ಪೇಶ್ಕಷ್ ಎಂಬ ಕಪ್ಪವನ್ನು ಬೇಡುತ್ತಿದ್ದನು. ದೊರೆಯು ಕೊಡಬಲ್ಲ ವರ್ಷ ಕೊಡುವನು, ಒಲ್ಲೆನೆಂದ ವರ್ಷ ಗುಡ್ಡ ಹತ್ತುವನು. 1800ರಲ್ಲಿ ನಿಜಾಮನಿಗೂ ಈಸ್ಟ್ ಇಂಡಿಯಾ ಕಂಪನಿಗೂ ಆದ ಒಡಂಬಡಿಕೆಯು ಈ ಹಳೆಯ ಆಟವನ್ನು ಮುಗಿಸಿತು. ಸುರಪುರ, ಗದ್ವಾಲ ಮುಂತಾದವುಗಳಿಂದ ನಿಜಾಮನಿಗೆ ಸಲ್ಲತಕ್ಕ ಬಾಬುಗಳನ್ನು ವಸೂಲು ಮಾಡಿಸಲು ಅಗತ್ಯಬಿದ್ದರೆ ಕಂಪನಿಯ ಸೈನ್ಯವು ನೆರವಾಗತಕ್ಕದ್ದೆಂದು ಆ ಕರಾರಿನಲ್ಲಿ ಹೆಸರು ಹಿಡಿದು ಬರೆಯಲಾಗಿದ್ದಿತು. ಅಂದಿನಿಂದ ಗುಡ್ಡ ಹತ್ತಿ ಕುಳಿತರೆ ಬಾಕಿ ತೀರದಾಯಿತು, ಬೆಳೆಯತೊಡಗಿತು. ಪೇಶ್ಕಷ್ ಸಾಲದೆಂದು ಪಟ್ಟವೇರುವ ಹೊಸ ದೊರೆಯಿಂದ ನಜರಾಣಿಯೆಂಬ ಇನ್ನೊಂದು ಭಾರಿ ಮೊತ್ತವನ್ನು ಕೇಳುವುದು ಪದ್ಧತಿಯಾಯಿತು. ದೊರೆ ಕೃಷ್ಣಪ್ಪನಾಯಕನ ಕಾಲಕ್ಕೆ ಸಾಹುಕಾರರ ಸಾಲ, ನಿಜಾಮನ ಬಾಕಿ, ಅರಮನೆಯ ಒಳಜಗಳ, ಇವು ಒಂದಕ್ಕೊಂದು ಹೆಣೆದುಕೊಂಡವು. ಅವನು ತೀರಿಕೊಂಡಾಗ ಮಗ ವೆಂಕಟಪ್ಪನಾಯಕನು ಏಳೆಂಟು ವರ್ಷದ ಬಾಲಕ. ತಾಯಿ ರಾಣಿ ಈಶ್ವರಮ್ಮ ಆಳಬೇಕೋ, ಹಿಂದಿನ ನಾಯಕನ ಹೆಸರನ್ನೇ ಹೊತ್ತ ಚಿಕ್ಕಪ್ಪ ಪಿಡ್ಡನಾಯಕ ಆಳಬೇಕೋ ಎಂಬ ವ್ಯಾಜ್ಯವೆದ್ದಿತು. ಆ ಸಂದರ್ಭದಲ್ಲಿ, 1840ರ ದಶಕದ ಮೊದಲಲ್ಲಿ, ನಿಜಾಮನ ಸೈನ್ಯದಲ್ಲಿ ಸೇವೆಯಲ್ಲಿದ್ದ ಕ್ಯಾಪ್ಟನ್ ಮೆಡೋಸ್ ಟೇಲರನು ಪೊಲಿಟಿಕಲ್ ಏಜೆಂಟನಾಗಿ ಸುರಪುರಕ್ಕೆ ಬಂದನು.

ಟೇಲರನ ವಿಷಯದಲ್ಲಿ ನನಗೆ ಗೌರವವೂ ಇದೆ, ಅಸಮಾಧಾನವೂ ಇದೆ. ಹದಿನೈದನೆಯ ವಯಸ್ಸಿಗೇ ಭಾರತಕ್ಕೆ ಬಂದು, ಇಲ್ಲಿಯ ಭಾಷೆಗಳನ್ನು ಕಲಿತು, 1839ರಲ್ಲಿಯೇ ಠಕ್ಕರನ್ನು ಕುರಿತ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಪ್ರಸಿದ್ಧನಾಗಿದ್ದ ಆತನು ಸುರಪುರವನ್ನು ಪ್ರೀತಿಸಿದನೆಂಬುದರಲ್ಲಿ ಸಂದೇಹವಿಲ್ಲ. ಬೋನಾಳದ ಕೆರೆಯನ್ನು ದುರಸ್ತಿ ಮಾಡಿಸಿದನು, ಕಚಕನೂರಿನಲ್ಲಿ ಕೆರೆ ಕಟ್ಟಿಸಿದನು, ಲೆಕ್ಕಪತ್ರಗಳನ್ನು ಹಿಡಿತಕ್ಕೆ ತಂದನು. ರಾಜನಕೋಳೂರು, ಜೇವರ್ಗಿಗಳ ಆಸುಪಾಸಿನ ಪ್ರಾಗೈತಿಹಾಸಿಕ ಕಲ್ಗೋರಿಗಳನ್ನು ಅಗೆದು ನೋಡಿ ವಿದ್ವಲ್ಲೋಕಕ್ಕೆ ಪರಿಚಯಿಸಿದವನೂ ಅವನೇ. ಬೆಟ್ಟದ ಮೇಲೆ ಅವನು ಕಟ್ಟಿಸಿದ ಬಂಗಲೆಯು ಟೇಲರ್ ಮಂಜಿಲೆಂದು ಇಂದಿಗೂ ನಿಂತಿದೆ. ಬಾಲಕ ದೊರೆಯು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಬೇಡರ ಹನ್ನೆರಡು ಸಾವಿರದ ಮಾನ್ಯವನ್ನು ಒರಟಾಗಿ ಮುಟ್ಟಿದರೆ ಸಂಸ್ಥಾನವೇ ಹೊತ್ತಿ ಉರಿಯುವುದೆಂಬುದನ್ನು ಅರಿತು ಅವನು ಅವರೊಡನೆ ಮೃದುವಾಗಿಯೇ ನಡೆದುಕೊಂಡನು. ಇಷ್ಟೆಲ್ಲ ಇದ್ದೂ ಅವನು ಬಂದುದು ಬಾಕಿಯ ವಸೂಲಿಗೆ. ರಾಣಿ ಈಶ್ವರಮ್ಮನನ್ನು ಅವನ ಆತ್ಮಕಥೆಯು ಹಟಮಾರಿಯೂ ಕುಟಿಲಳೂ ಆದ ಸ್ತ್ರೀಯೆಂದು ಚಿತ್ರಿಸುತ್ತದೆ. ಗಂಡನನ್ನು ಕಳೆದುಕೊಂಡು, ಸಾಲದಲ್ಲಿ ಮುಳುಗಿದ ರಾಜ್ಯವನ್ನೂ ಎಳೆಯ ಮಗನನ್ನೂ ಎದುರಿಗಿಟ್ಟುಕೊಂಡು, ಪರದೆಯ ಹಿಂದಿನಿಂದಲೇ ನಿಜಾಮನ ವಕೀಲರೊಡನೆಯೂ ಕಂಪನಿಯ ಅಧಿಕಾರಿಗಳೊಡನೆಯೂ ಹೋರಾಡಿದ ಆ ಹೆಂಗಸಿನ ಪಕ್ಷವನ್ನು ಬರೆದಿಟ್ಟವರಿಲ್ಲವೆಂಬುದು ನಮ್ಮ ದುರ್ದೈವ.

1853ರಲ್ಲಿ ಒಂದು ವಿಚಿತ್ರವಾದ ಘಟನೆ ಸಂಭವಿಸಿತು. ಸುರಪುರದಿಂದ ಬಾಕಿಯನ್ನು ಕೇಳುತ್ತಿದ್ದ ನಿಜಾಮನೇ ಕಂಪನಿಗೆ ಬಾಕಿದಾರನಾಗಿ, ತನ್ನ ಹೆಸರಿನಲ್ಲಿ ಇಟ್ಟಿದ್ದ ಸೈನ್ಯದ ವೆಚ್ಚಕ್ಕೆಂದು ಬೇರಾರ್, ರಾಯಚೂರು ದೋಆಬ್, ನಳದುರ್ಗಗಳನ್ನು ಕಂಪನಿಗೆ ಒಪ್ಪಿಸಬೇಕಾಯಿತು. ನಳದುರ್ಗದ ಆಡಳಿತಕ್ಕೆ ಟೇಲರನನ್ನು ಕಳುಹಿಸಿದರು. ಸುರಪುರವು ಹತ್ತೊಂಬತ್ತರ ಆಸುಪಾಸಿನ ವೆಂಕಟಪ್ಪನಾಯಕನ ಕೈಗೆ ಬಂದಿತು. ತರುಣ ದೊರೆಯ ಸುತ್ತ ಹಳೆಯ ಆಶ್ರಿತರೂ ಹೊಸ ಹಿತೈಷಿಗಳೂ ನೆರೆದರು. ಬೊಕ್ಕಸ ಮತ್ತೆ ಬರಿದಾಗತೊಡಗಿತು.

ನಾಲ್ಕು ವರ್ಷಗಳಲ್ಲಿ ಉತ್ತರ ಹಿಂದುಸ್ತಾನದ ದಂಗೆಯ ಸುದ್ದಿ ಕೃಷ್ಣೆಯನ್ನು ಮುಟ್ಟಿತು. 1857ರ ನವೆಂಬರಿನಲ್ಲಿ, ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆಯ ವಿರುದ್ಧ ಮುಧೋಳ ಸೀಮೆಯ ಹಲಗಲಿಯ ಬೇಡರು ಸಿಡಿದೆದ್ದು ಊರೇ ಸುಟ್ಟುಹೋಯಿತು. ಆಯುಧವೇ ಹೊಲದ ಹಕ್ಕುಪತ್ರವಾಗಿದ್ದ ಜನಕ್ಕೆ ಆಯುಧ ಕೊಡೆಂಬ ಆಜ್ಞೆಯ ಅರ್ಥವೇನಾಗಿ ಕೇಳಿಸಿರಬೇಕೆಂಬುದನ್ನು ಸುರಪುರದ ಮಾನ್ಯದ ಏರ್ಪಾಡನ್ನು ಬಲ್ಲವನು ಸುಲಭವಾಗಿ ಊಹಿಸಬಲ್ಲನು. ವೆಂಕಟಪ್ಪನಾಯಕನು ಅರಬರನ್ನೂ ರೋಹಿಲರನ್ನೂ ಸೇರಿಸಿಕೊಳ್ಳುತ್ತಿರುವನೆಂಬ ಶಂಕೆಯಿಂದ 1858ರ ಆರಂಭದಲ್ಲಿ ಆಂಗ್ಲ ಅಧಿಕಾರಿ ಕ್ಯಾಪ್ಟನ್ ಕ್ಯಾಂಬೆಲ್ಲನು ಸುರಪುರಕ್ಕೆ ಬಂದನು; ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡಮನು ಹೈದರಾಬಾದ್ ಕಂಟಿಂಜೆಂಟಿನ ತುಕಡಿಯೊಡನೆ ಹೊರಟು ಫೆಬ್ರುವರಿ 7ರಂದು ಊರ ಹೊರಗಿನ ಬಯಲಿನಲ್ಲಿ ಇಳಿದನು. ಆ ರಾತ್ರಿ ಗುಡ್ಡದ ಎಲ್ಲ ಕಡೆಗಳಿಂದಲೂ ಗುಂಡು ಸಿಡಿಯಿತು. ಮರುದಿನದ ಕಾಳಗದಲ್ಲಿ ಮದರಾಸು ರಾವುತರ ದಳದ ಕ್ಯಾಪ್ಟನ್ ನ್ಯೂಬೆರಿಯು ಹತನಾದನು. ಆದರೆ ಕರ್ನಲ್ ಮಾಲ್ಕಮನ ಸೈನ್ಯವೂ ಸಮೀಪಿಸುತ್ತಿದ್ದ ವಾರ್ತೆ ಬರಲು, ದೊರೆಯು ಕೆಲವೇ ರಾವುತರೊಡನೆ ರಾತ್ರೋರಾತ್ರಿ ಊರು ಬಿಟ್ಟನು. ನೂರಐವತ್ತು ವರ್ಷಗಳ ಹಿಂದೆ ಪಿಡ್ಡನಾಯಕನು ಇಳಿದುಹೋದಾಗ ಅವನಿಗೆ ಹಳ್ಳಿಹಳ್ಳಿಯ ಬೇಡರ ಹೊಲಗಳಿದ್ದವು, ಮರಾಠರಿದ್ದರು. ವೆಂಕಟಪ್ಪನಾಯಕನು ಆಶ್ರಯವನ್ನು ಅರಸಿ ಹೋದುದು ತನ್ನ ಮನೆತನದ ಸಾಲಿಗನಾದ ನಿಜಾಮನ ನಗರಿಗೆ. ಅಲ್ಲಿ ಸಿಕ್ಕಿಬಿದ್ದ ಅವನನ್ನು ದಿವಾನ ಸಾಲಾರ್ ಜಂಗನು ಆಂಗ್ಲ ರೆಸಿಡೆಂಟನಿಗೆ ಒಪ್ಪಿಸಿದನು.

ಸೆರೆಯಲ್ಲಿದ್ದ ದೊರೆಯನ್ನು ಟೇಲರನು ಹೋಗಿ ಕಂಡುದನ್ನು ಅವನ ಆತ್ಮಕಥೆಯು ವಿವರಿಸುತ್ತದೆ. ತರುಣನು ಅತ್ತನು; ಕ್ಷಮೆಯನ್ನು ಬೇಡೆಂದರೆ ಒಪ್ಪಲಿಲ್ಲ. ಕಳ್ಳನಂತೆ ನೇಣಿಗೇರಿಸದೆ ತೋಪಿನ ಬಾಯಿಗೆ ಕಟ್ಟಿ ಹಾರಿಸಿದರೆ ಸಾಕೆಂದನು. ಸೆರೆಮನೆಯಲ್ಲಿ ಬದುಕುವುದು ಕಡುಬಡವ ಬೇಡನಿಗೂ ಆಗದ ಮಾತು, ತನ್ನಿಂದ ಆದೀತೆ ಎಂದು ಕೇಳಿದನು. ತನ್ನ ಜೊತೆಗಾರರ ಹೆಸರುಗಳನ್ನು ಹೇಳೆಂದುದಕ್ಕೂ ಅವನು ಬಾಯಿಬಿಡಲಿಲ್ಲ. ವಿಚಾರಣೆಯಲ್ಲಿ ಮರಣದಂಡನೆ ವಿಧಿಸಲ್ಪಟ್ಟು, ಅದು ಕರಿನೀರಿಗೆ ಇಳಿದು, ಗವರ್ನರ್ ಜನರಲನಿಂದ ನಾಲ್ಕು ವರ್ಷಗಳ ಸೆರೆಗೆ ಇಳಿಯಿತು. ನಡತೆ ಸರಿಹೋದರೆ ರಾಜ್ಯವೂ ಮರಳಿ ದೊರೆಯಬಹುದೆಂಬ ಸೂಚನೆಯಿತ್ತು. 1858ರ ಮೇ ತಿಂಗಳಲ್ಲಿ ಅವನನ್ನು ಮದರಾಸಿನ ಸಮೀಪದ ಚೆಂಗಲ್ಪಟ್ಟಿಗೆ ಕರೆದೊಯ್ಯುತ್ತಿರುವಾಗ, ಹೈದರಾಬಾದನ್ನು ಬಿಟ್ಟ ಮೊದಲನೆಯ ಬೀಡಿನಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವನು ಮೃತನಾದನು. ತಾನೇ ಗುಂಡು ಹಾರಿಸಿಕೊಂಡನೆಂದು ಆಂಗ್ಲರ ದಾಖಲೆ ಹೇಳುತ್ತದೆ. ಕೊಂದರೆಂದು ಸುರಪುರದಲ್ಲಿ ಅನೇಕರು ನಂಬುತ್ತಾರೆ. ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂದು ಅವನ ಜಾತಕದಲ್ಲಿ ಬರೆದಿದ್ದುದನ್ನು ಅರಮನೆಯ ಶಾಸ್ತ್ರಿಯೊಬ್ಬನು ಹಿಂದೆಯೇ ತನಗೆ ತಿಳಿಸಿದ್ದನೆಂದು ಟೇಲರನು ಬರೆದುಕೊಂಡಿದ್ದಾನೆ. ಜಾತಕದ ಮಾತು ಹಾಗಿರಲಿ; ಸೆರೆಯಲ್ಲಿ ಬದುಕಲಾರೆನೆಂದು ಅವನೇ ಆಡಿದ್ದ ಮಾತು ಅಕ್ಷರಶಃ ನಿಜವಾಯಿತು.

ಎರಡು ವರ್ಷ, ಮೊದಲು ಕಂಪನಿಯ, ಬಳಿಕ ಇಂಗ್ಲೆಂಡಿನ ರಾಣಿಯ ಸರ್ಕಾರದ ಪರವಾಗಿ ಟೇಲರನೇ ಸುರಪುರವನ್ನು ನೋಡಿಕೊಂಡನು. 1860ರ ಒಡಂಬಡಿಕೆಯಲ್ಲಿ, ದಂಗೆಯ ಕಾಲದಲ್ಲಿ ತೋರಿದ ನಿಷ್ಠೆಗಾಗಿ ನಿಜಾಮನಿಗೆ ರಾಯಚೂರು ದೋಆಬನ್ನೂ ನಳದುರ್ಗದ ಸೀಮೆಯನ್ನೂ ಹಿಂದಿರುಗಿಸಿ, ಸುರಪುರವನ್ನು ಹೊಸದಾಗಿ ಬಹುಮಾನವೆಂದಿತ್ತು, ಅವನಿಂದ ಬರಬೇಕಾಗಿದ್ದ ಐವತ್ತು ಲಕ್ಷ ರೂಪಾಯಿಗಳ ಸಾಲವನ್ನು ರದ್ದುಪಡಿಸಿದರು. ಈ ಮೂರು ಸಂಗತಿಗಳನ್ನು ಒಟ್ಟಿಗೆ ಓದಿದಾಗ ನನಗಾಗುವ ಸಂಕಟವನ್ನು ಮರೆಮಾಚಲಾರೆ. ಸುರಪುರದ ಬೇಡರು ತಲೆಮಾರುಗಳ ಕಾಲ ತೀರಿಸಲಾಗದೆ ಹೆಣಗಿದ ಬಾಕಿಯು ಅವರಿಗೆ ಎಂದೂ ರದ್ದಾಗಲಿಲ್ಲ. ಅವರಿಂದ ಬಾಕಿ ಕೇಳಿದವನ ಋಣವು ಒಂದು ಸಹಿಯಿಂದ ರದ್ದಾಯಿತು, ಅವರ ನೆಲವೂ ಅದೇ ಸಹಿಯಿಂದ ಅವನದಾಯಿತು.

ಆಮೇಲಿನದನ್ನು ಸಂಕ್ಷೇಪವಾಗಿ ಹೇಳಬಹುದು. ಸಂಸ್ಥಾನವು ನಿಜಾಮನ ಒಂದು ತಾಲ್ಲೂಕಾಗಿ, ಮೊದಲು ಲಿಂಗಸುಗೂರು ಜಿಲ್ಲೆಗೆ ಸೇರಿ, 1905ರಲ್ಲಿ ಆ ಜಿಲ್ಲೆ ಕರಗಿದಾಗ ಶಹಾಪುರದೊಡನೆ ಕಲಬುರಗಿಗೆ ಬಂದಿತು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡು, 1956ರಲ್ಲಿ ಈ ಭಾಗವು ವಿಶಾಲ ಮೈಸೂರನ್ನು ಕೂಡಿಕೊಂಡಿತು. 1980ರ ದಶಕದಲ್ಲಿ ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರದ ಕಾಲುವೆಗಳು ಬಂದಮೇಲೆ, ಜೋಳ ಸಜ್ಜೆಗಳ ಅದೇ ನೆಲದಲ್ಲಿ ಭತ್ತದ ಗದ್ದೆಗಳು ಹರಡಿ, ಒಂದು ಕಾಲಕ್ಕೆ ಯಾರೂ ಕೇಳದಿದ್ದ ಹೊಲಗಳಿಗೆ ದೂರದೂರಿನಿಂದ ಕೊಳ್ಳುವವರೂ ಗುತ್ತಿಗೆ ಹಿಡಿಯುವವರೂ ಬಂದರು. ಬೇಡ, ನಾಯಕ, ವಾಲ್ಮೀಕಿ ಎಂಬ ಹೆಸರುಗಳಿಂದ ಬಾಳುವ ಆ ಜನರನ್ನು 1991ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಸುರಪುರದ ವಿಧಾನಸಭಾ ಕ್ಷೇತ್ರವೂ ಈಗ ಅವರಿಗಾಗಿಯೇ ಮೀಸಲು. ಹನ್ನೆರಡು ಸಾವಿರದವರ ಮಾನ್ಯದ ಹೊಲಗಳು ಒಂದೊಂದಾಗಿ ಯಾರ ಯಾರ ಕೈ ಸೇರಿದವು, ಕಾಲುವೆಯ ನೀರು ಹರಿಯುವ ಇಂದಿನ ಗದ್ದೆಗಳಲ್ಲಿ ಆ ಮನೆತನಗಳವರು ಒಡೆಯರಾಗಿ ಉಳಿದಿರುವರೋ ಕೂಲಿಯವರಾಗಿ ದುಡಿಯುತ್ತಿರುವರೋ ಎಂಬುದನ್ನು, ಹಳೆಯ ಪಹಣಿಗಳನ್ನೂ ಇನಾಮು ಕಡತಗಳನ್ನೂ ಹಿಡಿದು, ವಾಗಿನಗೇರಿಯಿಂದ ಬೋನಾಳದವರೆಗೆ ಊರೂರು ತಿರುಗಿ ಯಾರಾದರೂ ಬರೆಯಬೇಕಾಗಿದೆ. ನಮ್ಮ ಕಲಬುರಗಿಯ ವಿಶ್ವವಿದ್ಯಾನಿಲಯದ ತರುಣ ಸಂಶೋಧಕರಿಗೆ ಅದಕ್ಕಿಂತ ಹತ್ತಿರದ ವಿಷಯ ಇನ್ನೊಂದು ಇರಲಾರದು.